ಹಳೇ ಹೆರಾಲ್ಡ್‌ಗೆ ಸ್ಪಿಟ್‌ಫೈರ್ ಡಿಫರೆನ್ಷಿಯಲ್: ಮನೆ ಅಂಗಳದಲ್ಲೇ ಹಾಕಬಹುದಾ?

ಪ್ರಶ್ನೆ (ಚಿಕ್ಕಬಳ್ಳಾಪುರ): ಅಣ್ಣಾ, ನಮ್ಮ ತಂದೆಯವರ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಎರಡು ಬಾಗಿಲಿನದು, 948 ಸಿಸಿ. ಸ್ವಲ್ಪ ಸ್ಪೀಡ್ ಹಿಡಿದರೆ ಹಿಂದಿನಿಂದ ಕುಂಯ್ ಅಂತ ಸದ್ದು ಬರುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಸದ್ದಿನ ರಾಗ ಬದಲಾಗುತ್ತದೆ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಡುವಾಗ ಟಕ್ ಅಂತಲೂ ಹೊಡೆಯುತ್ತದೆ. ಪರಿಚಯದವರ ಹತ್ತಿರ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಡಿಫರೆನ್ಷಿಯಲ್ (ಇಂಜಿನ್ ಎಳೆತವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆ) ಇದೆ, ಕೊಡುತ್ತೇನೆ ಅಂದಿದ್ದಾರೆ. ನಮ್ಮ ಗಾಡಿಗೆ ಕೂರುತ್ತದಾ? ಮನೆಯಲ್ಲೇ ಬದಲಾಯಿಸಬಹುದಾ? ಸ್ಪ್ಯಾನರ್ ಸೆಟ್ಟು, ಜಾಕಿ ಇದೆ. ನಂದಿಬೆಟ್ಟಕ್ಕೆ ಹತ್ತಿಸಬೇಕು ಅನ್ನುವ ಆಸೆ.

ಉತ್ತರ (ಮೆಕ್ಯಾನಿಕ್, ತುಮಕೂರು): ಬದಲಾಯಿಸಬಹುದು. ಆದರೆ ಇಡೀ ಡಿಫರೆನ್ಷಿಯಲ್ ಇಳಿಸಿ ಇನ್ನೊಂದು ಏರಿಸುವುದಷ್ಟೇ ಮನೆ ಕೆಲಸ. ಅದರ ಹೊಟ್ಟೆ ಬಿಚ್ಚುವುದು ಮನೆ ಕೆಲಸ ಅಲ್ಲ.

ಮೊದಲು ಸದ್ದಿನ ವಿಷಯ. ನೀವು ಹೇಳಿದ್ದು ಎರಡು ಬೇರೆ ಬೇರೆ ಕಾಯಿಲೆ. ಕುಂಯ್ ಸದ್ದು ಆಕ್ಸಿಲರೇಟರ್ ಜೊತೆ ಬದಲಾಗುತ್ತಿದ್ದರೆ ಡಿಫರೆನ್ಷಿಯಲ್ ಒಳಗಿನ ಗೇರ್ ಜೋಡಿ, ಅಂದರೆ ಕ್ರೌನ್ ಪಿನಿಯನ್ ಸವೆದಿರುವ ಸಾಧ್ಯತೆ ಜಾಸ್ತಿ. ಟಕ್ ಅನ್ನುವುದು ಬಹುಶಃ ಕ್ರಾಸ್, ಅಂದರೆ ಶಾಫ್ಟ್ ಓರೆಯಾದರೂ ತಿರುಗುವಂತೆ ಮಾಡುವ ಕೀಲು (ಯೂನಿವರ್ಸಲ್ ಜಾಯಿಂಟ್). ಹೆರಾಲ್ಡ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟ್‌ಗೆ ಮಾತ್ರ ಅಲ್ಲ, ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಎರಡು ಹಾಫ್ ಶಾಫ್ಟ್‌ಗಳ ಒಳತುದಿಗೂ ಒಂದೊಂದು ಕ್ರಾಸ್ ಇದೆ. ಗಾಡಿ ಎತ್ತಿ ನಿಲ್ಲಿಸಿ. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಫ್ಲ್ಯಾಂಜ್ (ಬೋಲ್ಟ್ ಹಾಕುವ ಬಿಲ್ಲೆ) ಹಿಡಿದು ತಿರುಚಿ ನೋಡಿ. ಆಟ ಕಂಡರೆ ಕ್ರಾಸ್ ಬದಲಾಯಿಸಿ. ಇದನ್ನು ನೋಡದೆ ಡಿಫರೆನ್ಷಿಯಲ್ ಇಳಿಸಿದರೆ, ಹೊಸದು ಹಾಕಿದ ಮೇಲೂ ಅದೇ ಟಕ್ ಕೇಳಿಸುತ್ತದೆ. ಇನ್ನು ಸದ್ದು ಗುರ್ ಅಂತಿದ್ದು, ತಿರುವಿನಲ್ಲಿ ಹೆಚ್ಚುಕಡಿಮೆ ಆಗುತ್ತಿದ್ದರೆ ಚಕ್ರದ ಬೇರಿಂಗ್ ನೋಡಿ.

ಸ್ಪಿಟ್‌ಫೈರ್‌ದು ಕೂರುತ್ತದಾ? 1962ರಲ್ಲಿ ಬಂದ ಸ್ಪಿಟ್‌ಫೈರ್ ನಿಂತಿರುವುದೇ ಹೆರಾಲ್ಡ್ ಚಾಸಿಯನ್ನು ಮೋಟು ಮಾಡಿದ ಚಾಸಿ ಮೇಲೆ. ಎರಡರ ಬಾಡಿಯನ್ನೂ ಬರೆದವರು ಇಟಲಿಯ ಮಿಕೆಲೊಟ್ಟಿ. ಹಿಂದಿನ ಭಾಗವೂ ಒಂದೇ ವಂಶದ್ದು. ಆದರೂ ಹೌಸಿಂಗ್ ತಲೆ ಮೇಲಿನ ಸ್ಟಡ್ ಎಣಿಸಿ ನೋಡಿ. ಆರು ಇದ್ದರೆ ನಿಮ್ಮ ಪಟ್ಟಿಗೆ (ಲೀಫ್ ಸ್ಪ್ರಿಂಗ್‌ಗೆ) ಸರಿ. ನಾಲ್ಕೇ ಇದ್ದರೆ ಅದು 1970ರ ನಂತರದ ಸ್ಪಿಟ್‌ಫೈರ್‌ದು, ಬೇರೆ ನಮೂನೆ ಪಟ್ಟಿಗೆ ಮಾಡಿದ್ದು. ಫ್ಲ್ಯಾಂಜ್ ತೂತುಗಳನ್ನೂ ಅಳೆದು ನೋಡಿಯೇ ತನ್ನಿ.

ಮುಖ್ಯವಾದದ್ದು ರೇಷಿಯೋ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪಿನಿಯನ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ. 948 ಸಿಸಿ ಹೆರಾಲ್ಡ್ ಸಲೂನ್‌ನದು 4.875. ಮೊದಲ ಸ್ಪಿಟ್‌ಫೈರ್‌ಗಳದು 4.11. ನೆಲದ ಮೇಲಿಟ್ಟೇ ಪರೀಕ್ಷಿಸಬಹುದು: ಒಂದು ಪಕ್ಕದ ಫ್ಲ್ಯಾಂಜ್ ಅಲ್ಲಾಡದಂತೆ ಹಿಡಿಸಿ, ಇನ್ನೊಂದು ಪಕ್ಕದ್ದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪಿನಿಯನ್ ಐದು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿದರೆ 4.875, ನಾಲ್ಕಕ್ಕೆ ಸ್ವಲ್ಪ ಜಾಸ್ತಿ ತಿರುಗಿದರೆ 4.11.

4.11 ಹಾಕಿದರೆ ಬೆಂಗಳೂರು ಹೈವೇಯಲ್ಲಿ ಇಂಜಿನ್ ಆರಾಮಾಗಿ ಓಡುತ್ತದೆ. ಆದರೆ ಪ್ರತಿ ಗೇರಿನಲ್ಲೂ ನೂರಕ್ಕೆ ಹದಿನಾರರಷ್ಟು ಎಳೆತ ಕಡಿಮೆಯಾಗುತ್ತದೆ. ನಂದಿಬೆಟ್ಟ 1,478 ಮೀಟರ್ ಎತ್ತರ, ಮೇಲಿನ ತಿರುವುಗಳು ಬಿಗಿ. ನಾಲ್ಕು ಜನ ಕೂತರೆ ಆ ಪುಟ್ಟ ಇಂಜಿನ್‌ಗೆ ಸುಮ್ನೆ ಹಿಂಸೆ. ಸ್ಪೀಡೋಮೀಟರ್ ಕೂಡ ತಪ್ಪು ತೋರಿಸುತ್ತದೆ. ಮುಳ್ಳು 50ರಲ್ಲಿದ್ದಾಗ ಗಾಡಿ 59ರಲ್ಲಿ ಹೋಗುತ್ತಿರುತ್ತದೆ. ಬೆಟ್ಟವೇ ಆಸೆಯಾದರೆ 4.875ದನ್ನೇ ಹುಡುಕಿ ಅಂತ ನನ್ನ ಸಲಹೆ.

ಅದೇ ಸದಸ್ಯರು: ಕ್ರಾಸ್ ನೋಡಿದೆ ಅಣ್ಣಾ, ಎಡಗಡೆಯದರಲ್ಲಿ ಆಟ ಇದೆ. ಡಿಫರೆನ್ಷಿಯಲ್ ಇಳಿಸುವಾಗಲೇ ಅದನ್ನೂ ಬದಲಾಯಿಸುತ್ತೇನೆ. ಇಳಿಸುವುದು ಹೇಗೆ? ನಮ್ಮದು ಚಪ್ಪಡಿ ಹಾಸಿದ ಅಂಗಳ. ಗಾಡಿ ಕೆಳಗೆ ಸೈಜುಗಲ್ಲು ಕೊಟ್ಟರೆ ಸಾಕಲ್ವಾ?

ಉತ್ತರ: ಸೈಜುಗಲ್ಲು ಬೇಡವೇ ಬೇಡ. ಕಲ್ಲು ಯಾವಾಗ ಸೀಳುತ್ತದೆ ಅಂತ ಹೇಳಿ ಸೀಳುವುದಿಲ್ಲ, ಕೆಳಗಿರುವುದು ನಿಮ್ಮ ಎದೆ. ಎರಡು ಗಟ್ಟಿ ಆಕ್ಸಲ್ ಸ್ಟ್ಯಾಂಡ್ ತನ್ನಿ, ಚಾಸಿಗೆ ಕೊಡಿ. ಚಪ್ಪಡಿ ಕೆಳಗೆ ಪೊಳ್ಳಿರಬಹುದು, ಅಂಚಿನಲ್ಲಿ ಭಾರ ಬಿದ್ದರೆ ಎದ್ದುಬಿಡುತ್ತದೆ. ಸ್ಟ್ಯಾಂಡ್ ಕೆಳಗೆ ಅಗಲವಾದ ದಪ್ಪ ಹಲಗೆ ಹಾಕಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಕೆಲಸಕ್ಕೆ ಇಳಿಯಿರಿ.

ಅಪಾಯ ಇರುವುದು ಪಟ್ಟಿಯಲ್ಲಿ. ಡಿಫರೆನ್ಷಿಯಲ್ ತಲೆ ಮೇಲೆ ಅದು ಕಾವಡಿ ಹಾಗೆ ಅಡ್ಡ ಕೂತಿದೆ, ಎರಡು ತುದಿಯಲ್ಲಿ ಎರಡು ಚಕ್ರ. ಗಾಡಿ ಎತ್ತಿ ಚಕ್ರ ಜೋತು ಬಿದ್ದರೂ ಪಟ್ಟಿಯ ಬಿಗಿ ಪೂರ್ತಿ ಹೋಗಿರುವುದಿಲ್ಲ, ಶಾಕ್ ಅಬ್ಸಾರ್ಬರ್ ಅದನ್ನು ತಡೆದು ಹಿಡಿದಿರುತ್ತದೆ. ಹಾಗಾಗಿ ಚಕ್ರ ಕಳಚಿ, ಹಬ್ ಹೊತ್ತಿರುವ ವರ್ಟಿಕಲ್ ಲಿಂಕ್ ಕೆಳಗೆ ಜಾಕಿ ಕೊಡಿ. ಆಮೇಲೆ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ತೆಗೆದು ಜಾಕಿ ನಿಧಾನ ಇಳಿಸಿ. ಒಂದು ಪಕ್ಕ ಮುಗಿದ ಮೇಲೆ ಇನ್ನೊಂದು ಪಕ್ಕ. ಬ್ರೇಕ್ ಹೋಸ್ ಎಳೆಯದಂತೆ ಕಣ್ಣಿಟ್ಟಿರಿ. ಭಾರ ಅದರ ಮೇಲೆ ಬೀಳಲೇಬಾರದು.

ಪಟ್ಟಿ ಸಡಿಲವಾದ ಮೇಲೆ ಉಳಿದದ್ದು ಬರೀ ನಟ್ಟು ಬೋಲ್ಟು. ಹಿಂದಿನ ಸೀಟ್ ತೆಗೆದರೆ ತಗಡಿನ ಮುಚ್ಚಳ ಸಿಗುತ್ತದೆ, ಪಟ್ಟಿಯ ಆರು ನಟ್ ಅದರೊಳಗೆ. ಪಟ್ಟಿಯ ಮುಂಭಾಗ ಯಾವುದು ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಪಕ್ಕಕ್ಕೆ ಎಳೆದುಕೊಳ್ಳಿ. ಮೂರು ಫ್ಲ್ಯಾಂಜ್‌ಗಳಿಗೂ ನಾಲ್ಕು ನಾಲ್ಕು ಬೋಲ್ಟ್. ಕೊನೆಗೆ ಡಿಫರೆನ್ಷಿಯಲ್‌ಗೆ ಜಾಕಿ ಕೊಟ್ಟು ಮುಂದಿನ ಎರಡು ಮೌಂಟಿಂಗ್, ಹಿಂದಿನ ಉದ್ದ ಬೋಲ್ಟ್ ತೆಗೆಯಿರಿ. ಆ ಉದ್ದ ಬೋಲ್ಟ್ ತುಕ್ಕು ಹಿಡಿದು ಬುಷ್‌ನೊಳಗೆ ಕಚ್ಚಿಕೊಂಡಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡಿ.

ಜೋಡಿಸುವಾಗ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಎಲ್ಲ ಹೊಸದು ಹಾಕಿ. ಪಟ್ಟಿ ತುದಿಯ ಬೋಲ್ಟ್‌ಗಳನ್ನು ಗಾಡಿ ನೆಲಕ್ಕಿಳಿದು ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿ ಮಾಡಿ. ಜೋತು ಬಿದ್ದಾಗಲೇ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಇನ್ನೊಬ್ಬ ಸದಸ್ಯರು (ಶಿರಾ): ನಮ್ಮ ಕಡೆ ಗುಜರಿಯಲ್ಲಿ ಸ್ಟ್ಯಾಂಡರ್ಡ್ ಗೆಝೆಲ್‌ದು ಒಂದಿದೆ. ಇಂಜಿನ್ ಎರಡಕ್ಕೂ ಒಂದೇ 948 ಸಿಸಿ ಅಲ್ವಾ, ಅದು ಆಗುತ್ತದಾ?

ಉತ್ತರ: ಆಗುವುದಿಲ್ಲ. 1972ರಲ್ಲಿ ಗೆಝೆಲ್ ಬಂದಾಗ ಹಿಂದಿನ ಚಕ್ರಗಳಿಗೆ ಒಂದೇ ಗಟ್ಟಿ ಆಕ್ಸಲ್ ಕೊಟ್ಟರು. ಹೆರಾಲ್ಡ್‌ದು ಚಾಸಿಗೆ ನೇತುಹಾಕುವ ಡಿಫರೆನ್ಷಿಯಲ್.

ಮೊದಲ ಸದಸ್ಯರು: ಹಳೇದರ ಕ್ರೌನ್ ಪಿನಿಯನ್ ಮಾತ್ರ ಬದಲಾಯಿಸಿದರೆ? ಖರ್ಚು ಉಳಿಯುತ್ತದಲ್ವಾ?

ಉತ್ತರ: ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿ ಉಜ್ಜಿ ಕೂರಿಸಿದ ಗೇರ್. ಒಂದನ್ನು ಮಾತ್ರ ಹಾಕುವಂತಿಲ್ಲ. ಜೋಡಿ ಸಿಕ್ಕರೂ ಪಿನಿಯನ್ ಆಳಕ್ಕೆ ಸರಿಯಾದ ಶಿಮ್ (ತೆಳು ತಗಡಿನ ಬಿಲ್ಲೆ) ಕೊಡಬೇಕು, ಬೇರಿಂಗ್ ಬಿಗಿ ನೋಡಬೇಕು, ಹಲ್ಲುಗಳ ನಡುವಿನ ಆಟವನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಡಯಲ್ ಗೇಜ್ ಇಟ್ಟು ಅಳೆಯಬೇಕು. ಅಂದಾಜಿನಲ್ಲಿ ಕೂರಿಸಿದರೆ ಮೊದಲಿಗಿಂತ ಜೋರಾಗಿ ಕಿರುಚುತ್ತದೆ. ಬಿಚ್ಚಲೇಬೇಕಾದರೆ ಅನುಭವ ಇರುವವರ ಬೆಂಚಿಗೆ ಕೊಡಿ.

ಹೊಸದನ್ನು ಏರಿಸುವ ಮುಂಚೆ ನೆಲದ ಮೇಲೆಯೇ ಆಯಿಲ್ ಸೀಲ್ ಮೂರೂ ಬದಲಾಯಿಸಿ. ಆಯಿಲ್ ತುಂಬುವ ಪ್ಲಗ್ ಸಲೀಸಾಗಿ ಬಿಚ್ಚುತ್ತದಾ ಅಂತಲೂ ಆಗಲೇ ನೋಡಿ. ಇಪಿ 90 ಹೈಪಾಯ್ಡ್ ಆಯಿಲ್ ಸಾಕು, ಹಿಡಿಯುವುದು ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಗಾಡಿ ಸಮತಟ್ಟಾಗಿ ನಿಂತಾಗ ತೂತಿನ ಅಂಚಿಗೆ ಬಂದರೆ ನಿಲ್ಲಿಸಿ. ಮೊದಲು ಊರೊಳಗೆ ಓಡಿಸಿ, ಸೋರಿಕೆ ನೋಡಿ, ಫ್ಲ್ಯಾಂಜ್ ಬೋಲ್ಟ್‌ಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಕೊಡಿ. ಬೆಟ್ಟ ಆಮೇಲೆ.