ಎಂಡಿಆರ್ ಟಿಬಿ ಮಾತ್ರೆ ಜೊತೆ ಕಷಾಯ ಕುಡಿಯಬಹುದಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಹಾಸನದ ಸದಸ್ಯೆ: ಮೇಡಂ, ನಮ್ಮ ಯಜಮಾನರಿಗೆ ಎಂಡಿಆರ್ ಟಿಬಿ, ಮಾಮೂಲಿ ಟಿಬಿ ಮಾತ್ರೆಗೆ ಬಗ್ಗದ್ದು. 6 ತಿಂಗಳ ಹೊಸ ಕೋರ್ಸ್ ನಡೀತಿದೆ. ಕೆಮ್ಮಿಗೆ ಅಂತ ಅತ್ತೆ ದಿನಾ ಎರಡು ಹೊತ್ತು ಅತಿಮಧುರದ ಕಷಾಯ ಕೊಡುತ್ತಾರೆ. ಈಗ ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತೆ, ಎದೆ ಢವಢವ ಅನ್ನುತ್ತೆ ಅಂತಾರೆ. ಮಾತ್ರೆ ಹೀಟಾ?

ಡಾಕ್ಟರ್: ಹೀಟ್ ಅಲ್ಲಮ್ಮಾ. ಕಷಾಯ ಈಗಲೇ ನಿಲ್ಲಿಸಿ. ಇವತ್ತೇ ಆಸ್ಪತ್ರೆಗೆ ಹೋಗಿ ಇಸಿಜಿ, ರಕ್ತದ ಪೊಟ್ಯಾಶಿಯಂ ಎರಡೂ ಮಾಡಿಸಿ. ಅತಿಮಧುರ ಜಾಸ್ತಿ ದಿನ ಕುಡಿದರೆ ಮೈಯಲ್ಲಿ ಉಪ್ಪು ನಿಲ್ಲುತ್ತೆ, ಬಿಪಿ ಏರುತ್ತೆ, ಪೊಟ್ಯಾಶಿಯಂ ಮೂತ್ರದಲ್ಲಿ ಹೋಗುತ್ತೆ. ಕಾಲು ಸೋಲೋದು ಅದರಿಂದಲೂ ಇರಬಹುದು. ನನಗೆ ಭಯ ಇರೋದು ಹೃದಯದ್ದು. ಈ ಕೋರ್ಸಿನ ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಸಿನ್ ಮಾತ್ರೆ ಎರಡೂ ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಳತೆಯನ್ನು, ಅಂದರೆ ಒಂದು ಬಡಿತ ಮುಗಿದು ಹೃದಯ ಮುಂದಿನದಕ್ಕೆ ಸಜ್ಜಾಗೋ ಸಮಯವನ್ನು, ಉದ್ದ ಮಾಡುತ್ತವೆ. ಪೊಟ್ಯಾಶಿಯಂ ಇಳಿದಿದ್ದರೆ ಅದು ಇನ್ನೂ ಉದ್ದವಾಗಿ ಬಡಿತವೇ ತಪ್ಪಬಹುದು. ತಲೆ ಸುತ್ತಿ ಬಿದ್ದರೆ 108ಕ್ಕೆ ಫೋನ್ ಮಾಡಿ. ಮಾತ್ರೆ ಮಾತ್ರ ನೀವಾಗಿ ಬಿಡಬೇಡಿ, ಇಸಿಜಿ ನೋಡಿದ ಡಾಕ್ಟರ್ ಹೇಳಲಿ. ಬೇರಿನ ಪೊಟ್ಟಣ ಜೊತೆಗೆ ಒಯ್ಯಿರಿ. ಬೈತಾರೆ ಅಂತ ಮುಚ್ಚಿಡಬೇಡಿ. ಪಾದ ಉರಿ, ಕಣ್ಣು ಮಂಜು ಇದ್ದರೆ ಹೇಳಿ, ಅದು ಈ ಕೋರ್ಸಿನ ಇನ್ನೊಂದು ಮಾತ್ರೆ ಲಿನೆಜೊಲಿಡ್‌ದು.

ತುಮಕೂರಿನ ಸದಸ್ಯ: 'ಅಮೃತಬಳ್ಳಿ ರಸ ಕುಡಿದರೆ ಟಿಬಿ ಮಾಯ' ಅಂತ ಫಾರ್ವರ್ಡ್ ಬಂದಿದೆ. ನಿಜಾನಾ?

ಡಾಕ್ಟರ್: ಸುಳ್ಳು. ಈ ಮಾತ್ರೆಗಳೇ ಲಿವರ್‌ಗೆ ಭಾರ. ಅಮೃತಬಳ್ಳಿ ತಗೊಂಡವರಲ್ಲಿ ಲಿವರ್ ಕೆಟ್ಟದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದಾರೆ.

ಶಿರಸಿಯ ಸದಸ್ಯ: ಆಯುಷ್ ಸಚಿವಾಲಯ ಆ ವರದಿ ಒಪ್ಪಲಿಲ್ಲ, ಅದನ್ನೂ ಹೇಳಿ. ಕಾಳುಮೆಣಸಿನ ಪೈಪರಿನ್ನನ್ನು ಟಿಬಿ ಮಾತ್ರೆಗೇ ಸೇರಿಸಿಲ್ವಾ?

ಡಾಕ್ಟರ್: ಒಪ್ಪಲಿಲ್ಲ, ನಿಜ. ಆದರೂ ನನ್ನ ರೋಗಿಗೆ ಬೇಡ. ಪೈಪರಿನ್ ಸೇರಿಸಿದ್ದು ಮಾಮೂಲಿ ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ಜೊತೆ, ಅಳತೆ ನೋಡಿ, ಪರೀಕ್ಷೆ ಮಾಡಿ. ಎಂಡಿಆರ್‌ನಲ್ಲಿ ರಿಫಾಂಪಿಸಿನ್ನೇ ಕೆಲಸ ಮಾಡಲ್ಲ.

ಮೈಸೂರಿನ ಸದಸ್ಯೆ: ಶಿರಸಿಯವರೇ, ನನ್ನ ತಮ್ಮ ನಾಟಿ ಔಷಧಿ ನಂಬಿ ಮಾತ್ರೆ ಬಿಟ್ಟ. ಕಫದಲ್ಲಿ ಮತ್ತೆ ಟಿಬಿ ಬಂತು. ನಿಮಗೇನು, ವಾದ ಮಾಡಿ ಹೋಗ್ತೀರಿ.

ಶಿರಸಿಯ ಸದಸ್ಯ: ಮಾತ್ರೆ ಬಿಡಿ ಅಂತ ನಾನು ಎಲ್ಲಿ ಹೇಳಿದೆ? ಸರಿಯಾಗಿ ಓದಿ.

ಬಳ್ಳಾರಿಯ ಸದಸ್ಯ: ಅಮ್ಮನೂ ಎಂಡಿಆರ್ ಮಾತ್ರೆ ತಗೊಳ್ತಿದ್ದಾರೆ. ರಕ್ತ ಕಮ್ಮಿ ಅಂತ ಪಂಡಿತರು ಅವರಿಗೆ ಲೋಹಭಸ್ಮ ಕೊಟ್ಟಿದ್ದಾರೆ.

ಡಾಕ್ಟರ್: ಲೋಹಭಸ್ಮದ ಕಬ್ಬಿಣ ಹೊಟ್ಟೆಯಲ್ಲೇ ಮಾಕ್ಸಿಫ್ಲಾಕ್ಸಸಿನ್‌ಗೆ ಅಂಟಿಕೊಳ್ಳುತ್ತೆ, ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರಲ್ಲ. ಭಸ್ಮ ನಿಲ್ಲಿಸಿ. ರಕ್ತ ಕಮ್ಮಿ ಆಗಿರೋದು ಲಿನೆಜೊಲಿಡ್‌ನಿಂದ ಇರಬಹುದು. ರಕ್ತಕಣ ಎಣಿಸೋ ಸಿಬಿಸಿ ಪರೀಕ್ಷೆ ಮಾಡಿಸಿ ಟಿಬಿ ಡಾಕ್ಟರಿಗೆ ತೋರಿಸಿ.

ಕಲಬುರಗಿಯ ಸದಸ್ಯ: ಅಮೃತಬಳ್ಳಿ ಮಾತ್ರೆ ಆದ್ರೆ ಪರವಾಗಿಲ್ವಾ?

ಡಾಕ್ಟರ್: ಮೇಲೆ ಓದಿ. ಬೇಡ.

ಶಿರಸಿಯ ಸದಸ್ಯ: ಎಲ್ಲದಕ್ಕೂ ಬೇಡ ಅನ್ನೋಕೆ ಡಾಕ್ಟರೇ ಬೇಕಾ?

ಡಾಕ್ಟರ್: ಬೇಕು. ಇಸಿಜಿ ಪಟ್ಟಿ ಹಿಡಿದು ರಾತ್ರಿ ಓಡೋದು ನಾವು. ಇನ್ನು ಫಾರ್ವರ್ಡ್‌ಗಳಿಗೆ ಉತ್ತರ ಕೊಡಲ್ಲ. ಮಾತ್ರೆ ತಗೊಳ್ತಿರೋರು ಮನೆಯಲ್ಲಿ ಏನೇನು ಕುಡೀತಿದ್ದೀರಿ ಅಂತ ನಿಮ್ಮ ಟಿಬಿ ಡಾಕ್ಟರಿಗೆ ಹೇಳಿ.