ಅಂಗಳದ ದಾಸವಾಳದಿಂದ ಹೊಸ ತಳಿ: ಮಾಡಿ ನೋಡಿದವರ ಅನುಭವ

ಪ್ರಶ್ನೆ, ಸಾಗರದಿಂದ

ನಮ್ಮ ಅಂಗಳದಲ್ಲಿ ಏಳೆಂಟು ಬಗೆಯ ದಾಸವಾಳಗಳಿವೆ. ಅಜ್ಜಿ ನೆಟ್ಟ ಐದೆಸಳಿನ ಕೆಂಪು ಇದೆ, ಪೂಜೆಗೆಂದು ಬೆಳೆಸಿದ ಬಿಳಿ ಇದೆ, ಪೇಟೆಯಿಂದ ತಂದ ಕಸಿಯ ಹಳದಿಯೂ ಕೆನೆಬಣ್ಣದ ದೊಡ್ಡ ಹೂವೂ ಇವೆ. ಇವುಗಳಿಂದ ನನ್ನದೇ ಒಂದು ಹೊಸ ಹೂವು ತರಬೇಕು, ಅದಕ್ಕೆ ಅಜ್ಜಿಯ ಹೆಸರಿಡಬೇಕು ಎಂಬ ಆಸೆ. ಕಳೆದ ಏಪ್ರಿಲ್‌ನಲ್ಲಿ ಅಜ್ಜಿಯ ಕೆಂಪು ಹೂವಿನ ಮೇಲೆ ಹಳದಿಯ ಪರಾಗ ಸವರಿದೆ. ಇಪ್ಪತ್ತೆರಡು ಹೂಗಳಲ್ಲಿ ಒಂದರಲ್ಲೂ ಕಾಯಿ ನಿಲ್ಲಲಿಲ್ಲ. ಎಲ್ಲಿ ತಪ್ಪಿದೆ? ಎಷ್ಟು ವರ್ಷ ಹಿಡಿಯುತ್ತದೆ? ಹೊಸ ಹೂವು ಬಂದರೆ ಅದು ನನ್ನದೆಂದು ಹೇಳಿಕೊಳ್ಳಬಹುದೇ? ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ, ಮೈಸೂರಿನಿಂದ

ಹನ್ನೊಂದು ವರ್ಷಗಳಿಂದ ತಾರಸಿಯ ಮೇಲೆ ದಾಸವಾಳದ ಸಂಕರಣ, ಅಂದರೆ ಒಂದರ ಪರಾಗ ಇನ್ನೊಂದಕ್ಕೆ ಇಟ್ಟು ಬೀಜ ಪಡೆಯುವ ಕೆಲಸ, ಮಾಡುತ್ತಿದ್ದೇನೆ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ತಾಯಿಯನ್ನು ಆರಿಸಿದ್ದರಲ್ಲಿ ತಪ್ಪಿದೆ, ತಿಂಗಳನ್ನು ಆರಿಸಿದ್ದರಲ್ಲೂ ತಪ್ಪಿದೆ. ನಮ್ಮ ಊರುಗಳ ಹಳೆಯ ಕೆಂಪು ದಾಸವಾಳ ಕಾಯಿ ಕಟ್ಟುವುದು ತೀರಾ ಅಪರೂಪ. ತಲೆಮಾರುಗಳಿಂದ ರೆಂಬೆ ನೆಟ್ಟೇ ಬೆಳೆಸಿಕೊಂಡು ಬಂದ ಗಿಡ ಅದು. ನಿಮ್ಮ ಅಜ್ಜಿಯೂ ಯಾರದೋ ಬೇಲಿಯಿಂದ ಒಂದು ರೆಂಬೆ ಮುರಿದು ತಂದಿರಬೇಕು. ಅದನ್ನು ತಾಯಿಯಾಗಿಸುವ ಪ್ರಯತ್ನ ಬಿಡಿ. ಅದರ ಪರಾಗವನ್ನು ತೆಗೆದು ಹಳದಿಯ ಮೇಲೆ, ಕೆನೆಬಣ್ಣದ ಮೇಲೆ ಇಟ್ಟು ನೋಡಿ. ಕಾಯಿ ಕಟ್ಟದ ಗಿಡ ತಂದೆಯಾಗಿ ಕೆಲಸ ಮಾಡುವುದುಂಟು. ನನ್ನಲ್ಲೂ ಒಂದು ಹಳೆಯ ಗುಲಾಬಿ ಬಣ್ಣದ ದಾಸವಾಳ ಹೀಗೆಯೇ ಒಲಿಯಿತು.

ಇನ್ನು ತಿಂಗಳು. ಬಿಸಿಲು ಏರಿದ ಏಪ್ರಿಲ್‌ನಲ್ಲಿ ಪರಾಗ ಬೇಗ ಒಣಗುತ್ತದೆ, ನಿಂತ ಕಾಯಿಯೂ ಉದುರುತ್ತದೆ. ಜಡಿಮಳೆಯಲ್ಲಿ ಪರಾಗ ಮುದ್ದೆಯಾಗುತ್ತದೆ. ನಿಮ್ಮ ಕಡೆ ಮಳೆ ಪೂರ್ತಿ ಬಿಟ್ಟ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿ.

ಮಾಡುವ ಬಗೆ ಹೇಳುತ್ತೇನೆ. ದಾಸವಾಳದ ನಡುವಿನ ಕಂಬವನ್ನು ಹತ್ತಿರ ಹಿಡಿದು ನೋಡಿ. ಕಂಬದ ಸುತ್ತ ಚಿಕ್ಕ ಚಿಕ್ಕ ಕಡ್ಡಿಗಳ ತುದಿಯಲ್ಲಿ ಹಳದಿ ಪರಾಗದ ಚೀಲಗಳಿರುತ್ತವೆ. ಎಲ್ಲಕ್ಕಿಂತ ಮೇಲೆ ಐದು ಕವಲು, ಪ್ರತಿ ಕವಲಿನ ತುದಿಯಲ್ಲಿ ಮಖಮಲ್ಲಿನಂಥ ಒಂದು ಪುಟ್ಟ ಗುಂಡು. ಆ ಐದು ಗುಂಡುಗಳೇ ಹೆಣ್ಣಿನ ಭಾಗ. ಬೆಳಗ್ಗೆ ಹೂ ಅರಳಿದ ಕೂಡಲೇ, ಚೀಲಗಳು ಒಡೆಯುವ ಮೊದಲು, ತಾಯಿ ಹೂವಿನ ಪರಾಗದ ಚೀಲಗಳನ್ನು ಚಿಮುಟದಿಂದ ತೆಗೆದುಬಿಡುತ್ತೇನೆ. ಒಂಬತ್ತು ಗಂಟೆಯ ಹೊತ್ತಿಗೆ ತಂದೆ ಹೂವಿನ ಪರಾಗ ಹಿಟ್ಟಿನಂತೆ ಉಬ್ಬಿ ನಿಂತಿರುತ್ತದೆ. ಆ ಹೂವನ್ನೇ ಕಿತ್ತು, ಎಸಳು ಹಿಂದಕ್ಕೆ ಮಡಚಿ ಹಿಡಿದು, ಅದರ ಕಂಬವನ್ನು ಐದೂ ಗುಂಡುಗಳಿಗೆ ಮೆಲ್ಲಗೆ ಒತ್ತುತ್ತೇನೆ. ಕುಂಚ ಬಳಸಿದರೆ ಹಿಂದಿನ ಹೂವಿನ ಪರಾಗ ಅದರಲ್ಲೇ ಉಳಿದು ಲೆಕ್ಕ ಕೆಡುತ್ತದೆ. ಐದೂ ಗುಂಡುಗಳ ಮೇಲೆ ಹಳದಿ ಕಾಳು ಕಂಡರೆ ಕೆಲಸ ಮುಗಿಯಿತು.

ಮಾರನೆಯ ದಿನ ಹೂ ಮುದುಡಿ, ಎಸಳೂ ಕಂಬವೂ ಒಟ್ಟಿಗೆ ಕಳಚಿ ಬೀಳುತ್ತವೆ. ಅದಕ್ಕೆ ಗಾಬರಿಯಾಗಬೇಡಿ. ನೋಡಬೇಕಾದದ್ದು ಹೂವಿನ ಬುಡದ ಹಸಿರು ಬಟ್ಟಲಿನ, ಅಂದರೆ ಪುಷ್ಪಪಾತ್ರೆಯ, ಒಳಗಿನ ಮೊನೆಯನ್ನು. ವಾರದೊಳಗೆ ತೊಟ್ಟು ಹಳದಿಯಾದರೆ ಕಾಯಿ ಇಲ್ಲ. ತೊಟ್ಟು ಹಸಿರಾಗಿಯೇ ಇದ್ದು ಒಳಗಿನ ಮೊನೆ ದುಂಡಗಾಗುತ್ತಾ ಬಂದರೆ ಇದೆ. ಬಲಿಯಲು ಆರರಿಂದ ಎಂಟು ವಾರ ಬೇಕು. ಆ ದಿನಗಳಲ್ಲಿ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟುತಿಗಣೆ ಎಂಬ ಕೀಟ ಬಂದು ಪುಷ್ಪಪಾತ್ರೆಯ ಒಳಗೇ ಕೂರುತ್ತದೆ, ದಿನಕ್ಕೊಮ್ಮೆ ನೋಡುತ್ತಿರಿ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಬಾಯಿ ಬಿಡುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಿ. ಇಲ್ಲದಿದ್ದರೆ ಒಂದು ಬೆಳಗ್ಗೆ ಹೋಗುವಷ್ಟರಲ್ಲಿ ಐದು ಕೋಣೆಯೂ ಬಿರಿದು ಬೀಜ ನೆಲದ ಪಾಲಾಗಿರುತ್ತದೆ.

ಬೀಜ ಸಣ್ಣದು, ಮೈಮೇಲೆ ನವಿರಾದ ರೋಮ, ಸಿಪ್ಪೆ ಗಟ್ಟಿ. ಮೊನಚು ತುದಿಯನ್ನು ಬಿಟ್ಟು ದುಂಡು ಬದಿಯಲ್ಲಿ ಉಗುರು ಕತ್ತರಿಯಿಂದ ಒಂದಿಷ್ಟೇ ಸಿಪ್ಪೆ ಚಿವುಟಿ, ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನ ಪುಡಿಯಲ್ಲಿ ಊರುತ್ತೇನೆ. ವಾರ, ಹತ್ತು ದಿನಗಳಲ್ಲಿ ಮೊಳಕೆ ಕಾಣುತ್ತದೆ. ನೀರು ಹೆಚ್ಚಾದರೆ ಸಸಿ ಬುಡದಲ್ಲಿ ಕೊಳೆತು ಬೀಳುತ್ತದೆ. ಮೊದಲ ಹೂವಿಗೆ ನನ್ನಲ್ಲಿ ಹತ್ತು ತಿಂಗಳಿಂದ ಒಂದೂವರೆ ವರ್ಷ ಹಿಡಿದಿದೆ.

ಇನ್ನು ಗುರುತಿನ ಚೀಟಿ. ನನಗೆ ಆದ ದೊಡ್ಡ ನಷ್ಟ ಇಲ್ಲಿಯೇ. ಎರಡನೆಯ ವರ್ಷ ಹೂ ಕಟ್ಟುವ ಬಾಳೆನಾರಿನಿಂದ ಕಾಗದದ ಚೀಟಿ ಕಟ್ಟಿದ್ದೆ, ಪೆನ್ನಿನಲ್ಲಿ ಬರೆದಿದ್ದೆ. ಜನವರಿಯಲ್ಲಿ ಎರಡು ದಿನ ಅಕಾಲಿಕ ಮಳೆ ಸುರಿದು ನಾರು ಕೊಳೆಯಿತು, ಶಾಯಿ ಹರಿಯಿತು. ಹದಿನಾಲ್ಕು ಕಾಯಿಗಳ ತಂದೆ ಯಾರೆಂಬುದು ಹೋಯಿತು. ಆ ಸಾಲಿನಿಂದಲೇ ಕಿತ್ತಳೆ ಅಂಚಿನ ಒಂದು ಒಳ್ಳೆಯ ಹೂವು ಬಂತು. ಅದನ್ನು ಮತ್ತೆ ತರಬೇಕೆಂದರೆ ದಾರಿಯೇ ಇಲ್ಲ. ಈಗ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯನ್ನು ಪಟ್ಟಿಗಳಾಗಿ ಕತ್ತರಿಸಿ, ಮೊಳೆಯಿಂದ ಗೀಚಿ ಬರೆಯುತ್ತೇನೆ. ಮೊದಲು ತಾಯಿ, ಆಮೇಲೆ ತಂದೆ, ಆಮೇಲೆ ದಿನಾಂಕ. ಅದನ್ನೇ ಪುಸ್ತಕದಲ್ಲೂ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಸೋತ ಸಂಕರಣಗಳನ್ನೂ ಬರೆಯಿರಿ. ಯಾವ ಗಿಡ ತಾಯಿಯಾಗಲಾರದು ಎಂಬುದು ಮೂರು ವರ್ಷಗಳ ಪುಟಗಳನ್ನು ಒಟ್ಟಿಗೆ ತಿರುವಿದಾಗಲೇ ತಿಳಿಯುತ್ತದೆ.

ಒಂದೇ ಕಾಯಿಯ ಎಂಟು ಬೀಜ ಎಂಟು ಬಣ್ಣ ಕೊಟ್ಟರೆ ಆಶ್ಚರ್ಯಪಡಬೇಡಿ. ಇಂದಿನ ಅಲಂಕಾರಿಕ ದಾಸವಾಳಗಳಲ್ಲಿ ಹಿಂದೂ ಮಹಾಸಾಗರದ ದ್ವೀಪಗಳ, ಪೆಸಿಫಿಕ್ ದ್ವೀಪಗಳ ಹಲವು ಪ್ರಭೇದಗಳ ರಕ್ತ ಕಲೆತಿದೆ, ಗುಣಗಳನ್ನು ಹೊತ್ತೊಯ್ಯುವ ವರ್ಣತಂತುಗಳ (ಕ್ರೋಮೋಸೋಮ್) ಗಣಗಳೂ ಎಂದಿನ ಎರಡಕ್ಕಿಂತ ಹೆಚ್ಚು. ಹಾಗಾಗಿ ಕೆಂಪಿಗೆ ಹಳದಿ ಸೇರಿಸಿದರೆ ಕಿತ್ತಳೆ ಎಂಬ ಲೆಕ್ಕ ನಡೆಯುವುದಿಲ್ಲ. ಬರುವುದರಲ್ಲಿ ಹೆಚ್ಚಿನವು ತಂದೆತಾಯಿಗಿಂತ ಮಂಕು. ನೂರು ಸಸಿಗಳಲ್ಲಿ ಎರಡು ಮೂರನ್ನು ಉಳಿಸಿಕೊಂಡರೆ ನನಗೆ ಅದು ಒಳ್ಳೆಯ ವರ್ಷ. ಉಳಿದವನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಮೊದಲ ಮೂರು ವರ್ಷ ಈ ಕೆಲಸ ನನ್ನಿಂದ ಆಗಲೇ ಇಲ್ಲ. ಬೀಜದಿಂದ ಸಾಕಿದ ಗಿಡವಲ್ಲವೇ ಎಂದು ಎಲ್ಲವನ್ನೂ ಉಳಿಸಿಕೊಂಡೆ. ತಾರಸಿ ತುಂಬಿತು, ನೀರು ಸಾಲಲಿಲ್ಲ, ಒಳ್ಳೆಯ ಸಸಿಗಳೂ ಆ ಗುಂಪಿನಲ್ಲಿ ಸೊರಗಿದವು. ತಳಿ ತರುವವರ ನಿಜವಾದ ಕೆಲಸ ಪರಾಗ ಇಡುವುದರಲ್ಲಿಲ್ಲ, ಕಿತ್ತುಹಾಕುವುದರಲ್ಲಿದೆ. ಇದನ್ನು ನಾನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಮೊದಲ ಹೂವು ನೋಡಿ ಹೆಸರಿಡಬೇಡಿ. ದಾಸವಾಳದ ಬಣ್ಣ ಚಳಿಯಲ್ಲಿ ಒಂದು, ಬೇಸಿಗೆಯಲ್ಲಿ ಒಂದು. ತಂಪಿದ್ದಾಗ ಕೆಂಪು, ನೇರಳೆಯ ಛಾಯೆ ಏರುತ್ತದೆ, ಬಿಸಿಲಿನಲ್ಲಿ ಹಳದಿ ಮೇಲುಗೈ ಆಗುತ್ತದೆ. ನನ್ನ ಒಂದು ಸಸಿ ಡಿಸೆಂಬರ್‌ನಲ್ಲಿ ಜಂಬುನೇರಳೆಯ ಬಣ್ಣದಲ್ಲಿ ಅರಳಿ ಮನೆಮಂದಿಯನ್ನೆಲ್ಲ ಕುಣಿಸಿತು. ಏಪ್ರಿಲ್‌ನಲ್ಲಿ ಅದೇ ಗಿಡ ತೊಳೆದ ಬಟ್ಟೆಯಂತೆ ಪೇಲವ ಹೂ ಬಿಟ್ಟಿತು. ಕನಿಷ್ಠ ಎರಡು ಚಳಿಗಾಲ, ಎರಡು ಬೇಸಿಗೆ, ಒಂದು ಪೂರ್ತಿ ಮಳೆಗಾಲ ನೋಡಿ. ಆಮೇಲೆ ರೆಂಬೆಯಿಂದಲೋ ಕಸಿಯಿಂದಲೋ ಹತ್ತು ಗಿಡ ಮಾಡಿ, ಬೇರೆ ಬೇರೆ ಊರಿನ ಮೂರು ನಾಲ್ಕು ಜನರ ಕೈಗೆ ಕೊಡಿ. ದೊಡ್ಡ ಹೂವಿನ ಎಷ್ಟೋ ಸಸಿಗಳಿಗೆ ಸ್ವಂತ ಬೇರಿನ ಬಲವಿರುವುದಿಲ್ಲ. ಅಂಥವಕ್ಕೆ ನಿಮ್ಮ ಅಜ್ಜಿಯ ಕೆಂಪು ದಾಸವಾಳವೇ ಒಳ್ಳೆಯ ಬೇರುಗಿಡ, ಕಸಿ ಅದರ ಮೇಲೆ ಕಟ್ಟಿ.

ಜುಮಕಿ ದಾಸವಾಳ ಸಿಕ್ಕರೆ ಅದನ್ನೂ ಬಳಸಿ. ಎಸಳು ಸೀಳಿ ಸೀಳಿ ಕೆಳಗೆ ತೂಗುವ ಆ ಪೂರ್ವ ಆಫ್ರಿಕಾದ ಪ್ರಭೇದ ನಮ್ಮ ದಾಸವಾಳದ ಜೊತೆ ಕೂಡುತ್ತದೆ. ಬೆಳಗ್ಗೆ ಬಿಳಿಯಾಗಿ ಅರಳಿ ಸಂಜೆಗೆ ಕೆಂಪಾಗುವುದು ಬೇರೆಯೇ ಪ್ರಭೇದ, ಅದರ ಪರಾಗ ನನ್ನಲ್ಲಿ ಒಮ್ಮೆಯೂ ಫಲಿಸಿಲ್ಲ.

ಉತ್ತರ, ಚಿಂತಾಮಣಿ ಕಡೆಯಿಂದ

ನಾವು ಕನಕಾಂಬರ ಬೆಳೆಯುವವರು. ಡೆಲ್ಲಿ ಕನಕಾಂಬರಕ್ಕೆ ಊರ ಕನಕಾಂಬರ ಸೇರಿಸಲು ಎರಡು ವರ್ಷ ಒದ್ದಾಡಿದೆ. ಡೆಲ್ಲಿ ಕನಕಾಂಬರದಲ್ಲಿ ವರ್ಣತಂತುಗಳ ಗಣ ಮೂರು, ಅದಕ್ಕೇ ಬೀಜ ಕಟ್ಟುವುದಿಲ್ಲ, ರೆಂಬೆಯಿಂದಲೇ ಬೆಳೆಸಬೇಕು ಎಂದು ಆಮೇಲೆ ತಿಳಿಯಿತು. ಮೈಸೂರಿನವರು ತಾಯಿಯ ವಿಷಯ ಹೇಳಿದ್ದು ಅದಕ್ಕೇ ನನಗೆ ಮನಸ್ಸಿಗೆ ನಾಟಿತು. ಬೀಜ ಕಟ್ಟುವ ಕನಕಾಂಬರದಲ್ಲಿ ಇನ್ನೊಂದು ಕಷ್ಟವಿದೆ. ಬಲಿತ ಕಾಯಿಗೆ ನೀರು ತಾಕಿದರೆ ಸಾಕು, ಪಟ್ ಎಂದು ಸಿಡಿದು ಬೀಜ ದೂರ ಹಾರುತ್ತದೆ. ಒಣಗಿದ ತೆನೆಯನ್ನು ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು, ಮುಚ್ಚಿದ ಡಬ್ಬಿಯೊಳಗೆ ನೀರು ಚಿಮುಕಿಸಿದರೆ ಎಲ್ಲ ಬೀಜವೂ ಒಳಗೇ ಸಿಗುತ್ತದೆ.

ಒಂದೇ ಸಲಕ್ಕೆ ಬೇಕಾದ ಹೂವು ಬರುತ್ತದೆಂದು ಕಾಯಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸುಗಂಧರಾಜವನ್ನೇ ನೋಡಿ. ಒಂಟಿ ಸುತ್ತಿನದಕ್ಕೆ ಜೋಡಿ ಸುತ್ತಿನದನ್ನು ಸೇರಿಸಿ 'ಶೃಂಗಾರ್' ಬಂತು. ಆ ಶೃಂಗಾರ್ ಅನ್ನೇ ಮತ್ತೆ ಮೆಕ್ಸಿಕನ್ ಸಿಂಗಲ್ ಎಂಬ ಒಂಟಿ ಸುತ್ತಿನ ತಳಿಯ ಜೊತೆ ಕೂಡಿಸಿದಾಗ 'ಪ್ರಜ್ವಲ್' ಬಂತು. ನಮ್ಮ ಪಕ್ಕದ ಹೊಲದವರು ಈಗಲೂ ಪ್ರಜ್ವಲ್ ಹಾಕುತ್ತಾರೆ. ಮಕ್ಕಳಲ್ಲಿ ಕಾಣದ ಗುಣ ಮೊಮ್ಮಕ್ಕಳಲ್ಲಿ ಕಾಣುತ್ತದೆ. ದಾಸವಾಳದಲ್ಲೂ ಆ ಸಂಸ್ಥೆ ತಳಿಗಳನ್ನು ತಂದಿದೆ, ಸಾಧ್ಯವಾದರೆ ಹೋಗಿ ಕಣ್ಣಾರೆ ನೋಡಿ.

ಉತ್ತರ, ಬೆಂಗಳೂರಿನಿಂದ

ನನ್ನದು ಗುಲಾಬಿ. ಹಾಗಾಗಿ ಒಂದೇ ಮಾತು ಸೇರಿಸುತ್ತೇನೆ: ಏನು ಬೇಕು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. 'ಚೆಂದದ ಹೂವು' ಎಂದರೆ ಗುರಿಯಲ್ಲ. ಕೊಡೈಕೆನಾಲಿನ ಎಂ. ಎಸ್. ವೀರರಾಘವನ್ ಅವರು ಯುರೋಪಿನ ಗುಲಾಬಿಗಳು ನಮ್ಮ ಸೆಕೆಯಲ್ಲಿ ಸೊರಗುತ್ತವೆಂದು ಕಂಡು, ಮಣಿಪುರದ ಕಡೆಯ ಕಾಡುಗುಲಾಬಿ ರೋಸಾ ಜೈಗಾಂಟಿಯಾ ಮತ್ತು ನೀರಿನಂಚಿನಲ್ಲಿ ಬೆಳೆಯುವ ರೋಸಾ ಕ್ಲೈನೋಫಿಲ್ಲಾ ಎರಡನ್ನೂ ಹಿಡಿದು ದಶಕಗಳ ಕಾಲ ದುಡಿದರು. ಗೋಧಿ ತಳಿವಿಜ್ಞಾನಿ ಬಿ. ಪಿ. ಪಾಲ್ ಅವರು 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದವರು, ಗುಲಾಬಿ ತಳಿಗಳನ್ನೂ ತಂದವರು. ನಿಮಗೆ ಮಲೆನಾಡಿನ ಮಳೆಯಲ್ಲಿ ಮೊಗ್ಗು ಉದುರಿಸದ ದಾಸವಾಳ ಬೇಕೇ, ಎರಡು ದಿನ ಬಾಡದೆ ನಿಲ್ಲುವ ಪೂಜೆಯ ಹೂ ಬೇಕೇ? ಒಂದನ್ನು ಆರಿಸಿಕೊಂಡರೆ ಯಾವ ಸಸಿ ಕೀಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ಬೀಜವೊಂದೇ ದಾರಿಯಲ್ಲ ಎಂಬುದನ್ನೂ ಮರೆಯಬೇಡಿ. ಕೆಲವೊಮ್ಮೆ ಗಿಡದ ಒಂದೇ ರೆಂಬೆ ತಾನಾಗಿ ಬದಲಾಗುತ್ತದೆ. ಒಂದೇ ಗಿಡದಲ್ಲಿ ಬಿಳಿ ಮತ್ತು ಕೆನ್ನೇರಳೆ ಬಿಡುವ ಬೋಗನ್‌ವಿಲ್ಲಾ 'ಮೇರಿ ಪಾಮರ್' ಹಾಗೆ ಬಂದದ್ದು. ಅದರ ಎಲೆಯಲ್ಲಿ ಹಳದಿ ಮಚ್ಚೆ ಮೂಡಿದ ರೂಪವೇ ನರ್ಸರಿಗಳಲ್ಲಿ ಸಿಗುವ 'ತಿಮ್ಮ'. ಅಂಗಳದಲ್ಲಿ ಓಡಾಡುವಾಗ ಹೊಂದದ ಬಣ್ಣದ ರೆಂಬೆ ಕಂಡರೆ ಕತ್ತರಿಸಿ ಎಸೆಯಬೇಡಿ, ನೆಟ್ಟು ನೋಡಿ.

ಉತ್ತರ, ಧಾರವಾಡದಿಂದ

ಹೆಸರು, ಹಕ್ಕು ಎರಡೂ ಬೇರೆ ಬೇರೆ. ಇದನ್ನು ತಿಳಿಯದೆ ನಾನು ಪೆಟ್ಟು ತಿಂದೆ. ನನ್ನ ಸೇವಂತಿಗೆಯ ಸಸಿಯೊಂದನ್ನು ವಿಶ್ವಾಸದಿಂದ ಒಬ್ಬ ನರ್ಸರಿಯವರಿಗೆ ಕೊಟ್ಟೆ. ಎರಡು ವರ್ಷದ ನಂತರ ಅದೇ ಹೂವು ಬೇರೆ ಹೆಸರಿನಲ್ಲಿ ಮಾರಾಟಕ್ಕಿತ್ತು. ಕೇಳಲು ನನ್ನ ಬಳಿ ಒಂದು ಫೋಟೊ ಕೂಡ ಇರಲಿಲ್ಲ.

ನಮ್ಮ ದೇಶದಲ್ಲಿ ಹಕ್ಕು ಸಿಗುವುದು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ. ತಳಿ ಉಳಿದವುಗಳಿಂದ ಎದ್ದು ಕಾಣುವಷ್ಟು ಬೇರೆಯಾಗಿರಬೇಕು, ಗಿಡದಿಂದ ಗಿಡಕ್ಕೆ ಒಂದೇ ತೆರನಾಗಿರಬೇಕು, ಮತ್ತೆ ಮತ್ತೆ ಬೆಳೆಸಿದರೂ ಗುಣ ಬದಲಾಗಬಾರದು. ಹೊಸ ತಳಿಯೆಂದು ಅರ್ಜಿ ಹಾಕುವುದಾದರೆ, ಭಾರತದಲ್ಲಿ ಅದರ ಮಾರಾಟ ಶುರುವಾಗಿ ಒಂದು ವರ್ಷ ದಾಟಿರಬಾರದು. ಆಸೆಗೆ ಬಿದ್ದು ಮೊದಲೇ ಮಾರಿಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ರಕ್ಷಣೆಯ ಅವಧಿ ಮರ ಮತ್ತು ಬಳ್ಳಿಗಳಿಗೆ 18 ವರ್ಷ, ಉಳಿದವಕ್ಕೆ 15. ಸರ್ಕಾರ ಅಧಿಸೂಚನೆ ಹೊರಡಿಸಿದ ಸಸ್ಯಗಳಿಗೆ ಮಾತ್ರ ಇದು ಅನ್ವಯ, ಆದ್ದರಿಂದ ಅರ್ಜಿಗೆ ಮೊದಲು ಪಟ್ಟಿ ನೋಡಿ.

ಬರೀ ಹೆಸರು ದಾಖಲಾದರೆ ಸಾಕೆಂದರೆ, ದಾಸವಾಳದ ತಳಿಗಳ ಅಂತಾರಾಷ್ಟ್ರೀಯ ನೋಂದಣಿಯನ್ನು ಆಸ್ಟ್ರೇಲಿಯನ್ ಹೈಬಿಸ್ಕಸ್ ಸೊಸೈಟಿ ನೋಡಿಕೊಳ್ಳುತ್ತದೆ. ಅದರಿಂದ ಮಾರಾಟದ ಹಕ್ಕು ಬರುವುದಿಲ್ಲ, ಆದರೆ ಅಜ್ಜಿಯ ಹೆಸರು ಆ ಹೂವಿಗೆ ನಿಲ್ಲುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಎಲ್ಲರೂ ಕೇಳುವುದು ಮೈಸೂರಿನವರು ಹೇಳಿದ ಆ ಪುಸ್ತಕವನ್ನೇ. ತಂದೆತಾಯಿ ಯಾರು, ಯಾವ ದಿನ, ಮೊದಲ ಹೂವು ಯಾವಾಗ ಎಂಬುದೆಲ್ಲ ಬೇಕು. ಹೂವಿನ ಪಕ್ಕ ಅಳತೆಪಟ್ಟಿ ಇಟ್ಟು, ಬೆಳಗ್ಗೆ ಒಂದು, ಸಂಜೆ ಒಂದು ಫೋಟೊ ತೆಗೆದಿಡಿ.

ಮತ್ತೆ ಸಾಗರದಿಂದ

ಎಲ್ಲರಿಗೂ ಕೃತಜ್ಞತೆಗಳು. ಹೇಳಿದಂತೆ ನವೆಂಬರ್‌ವರೆಗೆ ಕಾದು, ಕೆನೆಬಣ್ಣದ್ದನ್ನು ತಾಯಿಯಾಗಿಸಿ ಅಜ್ಜಿಯ ಕೆಂಪಿನ ಪರಾಗ ಇಟ್ಟೆ. ಒಂಬತ್ತು ಹೂಗಳಲ್ಲಿ ಏಳು ಉದುರಿದವು. ಎರಡರ ತೊಟ್ಟು ಹನ್ನೊಂದನೆಯ ದಿನಕ್ಕೂ ಹಸಿರಾಗಿದೆ, ಒಳಗಿನ ಮೊನೆ ಕಡಲೆಕಾಳಿನಷ್ಟಾಗಿದೆ. ಡಬ್ಬಿ ಕತ್ತರಿಸಿ ಪಟ್ಟಿ ಕಟ್ಟಿದ್ದೇನೆ. ಮಳೆಯಲ್ಲಿ ಮೊಗ್ಗು ಉದುರಿಸದ ಗಿಡವೇ ನನ್ನ ಗುರಿ ಎಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇನೆ. ಈಗ ಗೊಬ್ಬರ ಹೆಚ್ಚು ಕೊಡಬೇಕೇ?

ಮೈಸೂರಿನಿಂದ

ಬೇಡ. ಈಗ ಗೊಬ್ಬರ ಹೆಚ್ಚಿಸಿದರೆ ಗಿಡ ಚಿಗುರಿನ ಕಡೆ ತಿರುಗಿ ಕಾಯಿ ಕೈಬಿಡುತ್ತದೆ. ನೀರು ಎಂದಿನಷ್ಟೇ ಹಾಕಿ, ಕುಂಡವನ್ನು ಜಾಗ ಬದಲಿಸಬೇಡಿ. ಆ ಎರಡೂ ತೊಟ್ಟುಗಳ ಕೆಳಗಿನ ಎಲೆಯ ಹಿಂಬದಿ ತಿರುವಿ ನೋಡುತ್ತಿರಿ, ಹಿಟ್ಟುತಿಗಣೆ ಮೊದಲು ಕಾಣುವುದು ಅಲ್ಲಿ. ಬಟ್ಟೆಯ ಚೀಲವನ್ನು ನಲವತ್ತನೆಯ ದಿನಕ್ಕೆ ಕಟ್ಟಿ. ಅಷ್ಟರೊಳಗೆ ಅಜ್ಜಿಯ ಗಿಡದಿಂದ ಪೆನ್ಸಿಲ್ ದಪ್ಪದ ಹತ್ತು ರೆಂಬೆ ನೆಟ್ಟು ಬೇರು ಬರಿಸಿಕೊಳ್ಳಿ, ಮುಂದಿನ ವರ್ಷ ಕಸಿಗೆ ಬೇಕಾಗುತ್ತವೆ.