ಸ್ಮಾರ್ಟ್‌ವಾಚ್ ಕಟ್ಟಿಕೊಂಡ ಮೇಲೆ ತಂದೆಯವರಿಗೆ ಹೆಚ್ಚಿದ ಆತಂಕ

ಪ್ರಶ್ನೆ (ರಾಯಚೂರು):
ಅರವತ್ತು ದಾಟಿದ ನಮ್ಮ ತಂದೆಯವರು ಸ್ಮಾರ್ಟ್‌ವಾಚ್ ಕಟ್ಟಲು ಆರಂಭಿಸಿದಂದಿನಿಂದ ನೆಮ್ಮದಿ ಕಳೆದುಕೊಂಡಿದ್ದಾರೆ. ಗಂಜ್‌ನಿಂದ ಬಿಸಿಲಲ್ಲಿ ನಡೆದು ಬಂದು ಕಟ್ಟೆಯ ಮೇಲೆ ಕುಳಿತ ಕೂಡಲೇ ನಾಡಿಬಡಿತ ನೋಡುತ್ತಾರೆ; 110 ಎಂದು ಕಂಡರೆ ಮುಖ ಬಾಡುತ್ತದೆ, ಮತ್ತೆ ಒತ್ತಿ ನೋಡುವಷ್ಟರಲ್ಲಿ ಅದು 118 ಆಗಿರುತ್ತದೆ. ರಾತ್ರಿ ಚೆನ್ನಾಗಿ ಮಲಗಿದ್ದರೂ ಬೆಳಿಗ್ಗೆ ನಿದ್ರೆಯ ಅಂಕ ಕಡಿಮೆ ಬಂದರೆ ದಿನವಿಡೀ ಸುಸ್ತು ಎನ್ನುತ್ತಾರೆ. ಇಸಿಜಿ ನೋಡಿದ ವೈದ್ಯರು ತೊಂದರೆಯಿಲ್ಲ ಎಂದಿದ್ದಾರೆ. ವಾಚ್ ಬಿಚ್ಚಿಸುವುದು ಒಳ್ಳೆಯದೇ?

ಉತ್ತರ (ಬಳ್ಳಾರಿ, ಸ್ಟಾಫ್ ನರ್ಸ್):
ನಾಡಿಬಡಿತ ನಿಮಿಷಕ್ಕೆ 60ರಿಂದ 100 ಇರಬೇಕು ಎಂಬುದು ವಿಶ್ರಾಂತಿಯಲ್ಲಿರುವಾಗಿನ ಲೆಕ್ಕ. ನಮ್ಮ ಕಡೆಯ ಬೇಸಿಗೆಯಲ್ಲಿ ಮೈ ತಂಪಾಗಿಸಲು ಚರ್ಮಕ್ಕೆ ಹೆಚ್ಚು ರಕ್ತ ಹರಿಯಬೇಕಾಗುತ್ತದೆ, ಬೆವರಿನಿಂದ ನೀರಿನಂಶವೂ ತಗ್ಗುತ್ತದೆ. ಹಾಗಾಗಿ ನಡೆದು ಬಂದವರ ಹೃದಯ ಜೋರಾಗಿ ಬಡಿಯುವುದು ಸಹಜ. ಅದನ್ನು ಕಂಡು ಗಾಬರಿಯಾದರೆ ಅಡ್ರಿನಲಿನ್ ಎಂಬ ಹಾರ್ಮೋನು ಹೆಚ್ಚಿ ಬಡಿತ ಇನ್ನೂ ಏರುತ್ತದೆ, ಏರಿದ ಅಂಕಿ ಗಾಬರಿಯನ್ನು ಮತ್ತೆ ಬೆಳೆಸುತ್ತದೆ. ಜೊತೆಗೆ, ಹಸಿರು ಬೆಳಕನ್ನು ಚರ್ಮಕ್ಕೆ ಹಾಯಿಸಿ ನಾಡಿ ಎಣಿಸುವ ಈ ಸಾಧನ, ಪಟ್ಟಿ ಸಡಿಲವಿದ್ದರೆ ಅಥವಾ ಕೈ ಅಲುಗಾಡಿದರೆ ತಪ್ಪು ತೋರಿಸಬಹುದು. ನಿದ್ರೆಯ ಅಂಕವಂತೂ ಕೈಯ ಚಲನೆ ಮತ್ತು ನಾಡಿಯಿಂದ ಕಟ್ಟಿದ ಅಂದಾಜು. ನಿದ್ರೆಯ ಹಂತಗಳನ್ನು ಸರಿಯಾಗಿ ಅಳೆಯಲು ಮಿದುಳಿನ ತರಂಗಗಳನ್ನೇ ದಾಖಲಿಸಬೇಕು. ಅಂಕದ ಬೆನ್ನು ಹತ್ತಿ ನಿದ್ರೆ ಕೆಡಿಸಿಕೊಳ್ಳುವ ಈ ಸ್ಥಿತಿಯನ್ನು 2017ರಲ್ಲಿ ಅಮೆರಿಕದ ಸಂಶೋಧಕರು ‘ಆರ್ಥೋಸೋಮ್ನಿಯಾ’ ಎಂದು ಕರೆದರು. ನನ್ನ ಮಟ್ಟಿಗೆ, ಕೆಲವು ವಾರ ಬಿಚ್ಚಿಡುವುದೇ ಮೇಲು.

ಉತ್ತರ (ಕೊಪ್ಪಳ):
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಸಲಹೆಯನ್ನು ಪೂರ್ತಿ ಒಪ್ಪಲಾರೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಅನಿಯಮಿತ ಬಡಿತ ಬಂದು ಹೋಗುತ್ತಿರಬಹುದು. ಒಮ್ಮೆ ತೆಗೆದ ಇಸಿಜಿಯಲ್ಲಿ ಅದು ಸಿಗದೆಯೂ ಇರಬಹುದು, ಆದರೆ ಪಾರ್ಶ್ವವಾಯುವಿಗೆ ಕಾರಣವಾಗಬಲ್ಲದು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡ, 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಸ್ಟಡಿ ಎಂಬ ಅಧ್ಯಯನದಲ್ಲಿ, ಬಡಿತ ಅನಿಯಮಿತವಾಗಿದೆ ಎಂದು ವಾಚಿನಿಂದ ಎಚ್ಚರಿಕೆ ಬಂದದ್ದು ಸುಮಾರು ಶೇ. 0.5ರಷ್ಟು ಮಂದಿಗೆ ಮಾತ್ರ. ಅವರಲ್ಲಿ ಮುಂದೆ ಇಸಿಜಿ ಪ್ಯಾಚ್ (ಎದೆಗೆ ಅಂಟಿಸಿ ಬಡಿತ ದಾಖಲಿಸುವ ಪಟ್ಟಿ) ಧರಿಸಿ ಮರಳಿಸಿದವರ ಪೈಕಿ ಶೇ. 34 ಜನರಲ್ಲಿ ಈ ತೊಂದರೆ ಕಂಡುಬಂತು. ಆದ್ದರಿಂದ ಅವರ ವಾಚಿನಲ್ಲಿ ಅಂಥ ಸೌಲಭ್ಯವಿದ್ದರೆ ಆ ಎಚ್ಚರಿಕೆಯೊಂದನ್ನು ಉಳಿಸಿ, ಪರದೆಯ ಮೇಲಿನ ನಾಡಿ ಅಂಕಿಯನ್ನೂ ನಿದ್ರೆಯ ಅಂಕವನ್ನೂ ತೆಗೆದುಹಾಕಿ.

ಉತ್ತರ (ರಾಯಚೂರು):
ವಾಚ್ ಬಿಚ್ಚಿದ ಮೇಲೂ ಅವರು ಬೆರಳಿಟ್ಟು ನಾಡಿ ಎಣಿಸುತ್ತಲೇ ಇದ್ದರೆ, ಆತಂಕಕ್ಕೇ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇನ್ನೊಂದು ಮಾತು: ಇಂಥ ವಾಚುಗಳು ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ. ಎದೆನೋವು, ಉಸಿರುಗಟ್ಟುವಿಕೆ ಕಂಡರೆ ಅಂಕಿ ಎಷ್ಟೇ ಇರಲಿ, ತಡಮಾಡದೆ 108ಕ್ಕೆ ಕರೆ ಮಾಡಿ.